ನಮ್ಮ ನಂತರ ಎಲ್ಲಿ? ಬೌದ್ಧಿಕ ವಿಕಲಚೇತನ ವಯಸ್ಕರ ವಾಸಕ್ಕೆ ಇರುವ ದಾರಿಗಳ ಹೋಲಿಕೆ

ಸ್ಪೆಷಲ್ ಸ್ಕೂಲು ಹದಿನೆಂಟಕ್ಕೆ ಮುಗಿಯುತ್ತದೆ. ಸೀಟು ಸಿಕ್ಕಿದರೆ ವೃತ್ತಿ ತರಬೇತಿ ಕೇಂದ್ರದಲ್ಲಿ ಇನ್ನೊಂದಷ್ಟು ವರ್ಷ. ಅದರಾಚೆಗಿನ ಮೂವತ್ತು ನಲವತ್ತು ವರ್ಷ ಮಗ ಅಥವಾ ಮಗಳು ಎಲ್ಲಿರಬೇಕು, ಯಾರ ಜೊತೆಗಿರಬೇಕು ಎಂಬ ಮಾತನ್ನು ಬಹಳಷ್ಟು ಮನೆಗಳಲ್ಲಿ ತಂದೆಯೋ ತಾಯಿಯೋ ಆಸ್ಪತ್ರೆ ಸೇರುವ ದಿನದವರೆಗೂ ಯಾರೂ ಎತ್ತುವುದಿಲ್ಲ. ಆ ದಿನ ಹುಡುಕಲು ಹೊರಟರೆ ಮಂಚ ಎಲ್ಲಿ ಖಾಲಿಯಿದೆಯೋ ಅದೇ ಗತಿ. ನಲವತ್ತು ದಾಟಿದವರನ್ನು ಹೊಸದಾಗಿ ಸೇರಿಸಿಕೊಳ್ಳದ ಮನೆಗಳೂ ಇವೆ. ಆದ್ದರಿಂದ ಮಕ್ಕಳಿಗೆ ಇಪ್ಪತ್ತೈದು ತುಂಬುವ ಹೊತ್ತಿಗೆ ಜಾಗಗಳನ್ನು ನೋಡಲು ಶುರು ಮಾಡಿ. ಹೆತ್ತವರಿಬ್ಬರೂ ಗಟ್ಟಿಯಾಗಿರುವಾಗಲೇ ಒಂದನ್ನು ಆರಿಸಿ. ಆರಿಸಿದ್ದು ತಪ್ಪಾದರೆ ಬದಲಾಯಿಸಲು ನೀವೇ ಇರುತ್ತೀರಿ.

ಹುಡುಕಾಟದಲ್ಲಿ ಮೊದಲು ದಾರಿ ತಪ್ಪುವುದು ಒಂದು ಗೊಂದಲದಿಂದ. ಬೌದ್ಧಿಕ ವೈಕಲ್ಯ, ಅಂದರೆ ಚಿಕ್ಕಂದಿನಿಂದಲೇ ಕಲಿಕೆ, ತಿಳಿವಳಿಕೆ ನಿಧಾನವಾಗಿರುವುದು, ಬೇರೆ; ಮಾನಸಿಕ ಕಾಯಿಲೆ ಬೇರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬೌದ್ಧಿಕ ವೈಕಲ್ಯವನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಸ್ಕಿಜೋಫ್ರೇನಿಯಾ ಇರುವವರ ಪುನರ್ವಸತಿ ಕೇಂದ್ರವೂ ಡೌನ್ ಸಿಂಡ್ರೋಮ್ ಇರುವ ಮೂವತ್ತರ ಮಹಿಳೆಯ ಮನೆಯೂ ಒಂದೇ ಆಗಲು ಸಾಧ್ಯವಿಲ್ಲ. ಎರಡೂ ಗುಂಪನ್ನು, ಜೊತೆಗೆ ಬೀದಿಯಿಂದ ಕರೆತಂದ ವೃದ್ಧರನ್ನೂ ಒಂದೇ ಸೂರಿನಡಿ ಇಟ್ಟುಕೊಂಡ ಜಾಗಗಳಿವೆ. ನಡೆಸುವವರ ಮನಸ್ಸು ದೊಡ್ಡದೇ ಇರಬಹುದು. ಆದರೆ ಮಾತು ಬಾರದ, ಹೊಡೆದರೆ ಹೇಳಲಾಗದ ವ್ಯಕ್ತಿಗೆ ಅಲ್ಲಿ ರಕ್ಷಣೆ ಕಷ್ಟ. ಇಂಥದ್ದನ್ನು ಪಟ್ಟಿಯಿಂದ ಮೊದಲೇ ಹೊಡೆದುಹಾಕಿ.

ನಮ್ಮ ಮನೆಯಲ್ಲೇ, ಸಹಾಯಕರನ್ನಿಟ್ಟುಕೊಂಡು

ಮಗನ ಹಾಸಿಗೆ, ಮಗನ ಬೀದಿ, ಅವನನ್ನು ಹೆಸರು ಹಿಡಿದು ಕರೆಯುವ ಅಂಗಡಿಯವರು ಎಲ್ಲವೂ ಹಾಗೇ ಉಳಿಯುತ್ತವೆ. ಹಗಲು ಡೇ ಕೇರ್ ಅಥವಾ ವೃತ್ತಿ ಕೇಂದ್ರ, ಬೆಳಿಗ್ಗೆ ಸಂಜೆ ಒಬ್ಬ ಕೇರ್‌ಟೇಕರ್. ಹೆತ್ತವರು ಇರುವಷ್ಟು ಕಾಲ ಇದಕ್ಕಿಂತ ಒಳ್ಳೆಯದನ್ನು ಹುಡುಕಬೇಕಿಲ್ಲ.

ಕೆಡುವುದು ಆಮೇಲೆ. ಏಜೆನ್ಸಿಯ ಒಬ್ಬನೇ ಅಟೆಂಡರ್‌ನ ಮೇಲೆ ಇಡೀ ಬದುಕು ನಿಂತಿರುತ್ತದೆ. ಅವನು ಊರಿಗೆ ಹೋದರೆ ಬದಲಿಗೆ ಬರುವವನಿಗೆ ಈತನ ಫಿಟ್ಸ್ ಹೇಗೆ ಶುರುವಾಗುತ್ತದೆ ಎಂದು ಗೊತ್ತಿರುವುದಿಲ್ಲ. ಮುಚ್ಚಿದ ಬಾಗಿಲ ಹಿಂದೆ ಏನು ನಡೆಯುತ್ತದೆಂದು ನೋಡಲು ಇನ್ನೊಬ್ಬರಿರುವುದಿಲ್ಲ. ಅಣ್ಣನೋ ಅಕ್ಕನೋ ಅದೇ ಊರಿನಲ್ಲಿದ್ದು, ವಾರಕ್ಕೆರಡು ಸಲವಾದರೂ ಹೇಳದೆ ಬಂದು ನೋಡುವಂತಿದ್ದರೆ ಮಾತ್ರ ಈ ದಾರಿ ಹೆತ್ತವರ ಕಾಲದ ನಂತರವೂ ನಡೆಯುತ್ತದೆ. ಅಮೆರಿಕದಲ್ಲೋ ದುಬೈನಲ್ಲೋ ಇರುವ ಮಗಳು ಕ್ಯಾಮೆರಾ ಹಾಕಿಸಿ ಫೋನಿನಲ್ಲಿ ನೋಡಿಕೊಳ್ಳುತ್ತೇನೆ ಅಂದರೆ ಅದನ್ನು ಒಂದು ವ್ಯವಸ್ಥೆ ಎಂದು ಲೆಕ್ಕ ಹಿಡಿಯಬೇಡಿ. ಕ್ಯಾಮೆರಾ ಕಾಣಿಸುತ್ತದೆ, ಎದ್ದು ನೀರು ಕೊಡುವುದಿಲ್ಲ.

ದೊಡ್ಡ ವಸತಿ ಸಂಸ್ಥೆ

ಮೂವತ್ತರಿಂದ ನೂರು ಜನ, ಟ್ರಸ್ಟ್ ಅಥವಾ ಧಾರ್ಮಿಕ ಸಂಸ್ಥೆಯ ಆಡಳಿತ. ನರ್ಸ್, ವಾಹನ, ಫಿಸಿಯೋಥೆರಪಿ ಕೋಣೆ ಇಲ್ಲಿ ಇರುವ ಸಾಧ್ಯತೆ ಹೆಚ್ಚು. ಇಬ್ಬರು ರಜೆ ಹಾಕಿದರೂ ಕೆಲಸ ನಿಲ್ಲುವುದಿಲ್ಲ. ದಾನದ ಬಲವಿರುವುದರಿಂದ ಫೀಸು ಕಡಿಮೆ. ಸ್ಥಾಪಕರು ಹೋದ ಮೇಲೂ ಉಳಿದುಕೊಳ್ಳುವ ಶಕ್ತಿ ಚಿಕ್ಕ ಮನೆಗಳಿಗಿಂತ ಇವುಗಳಿಗೆ ಹೆಚ್ಚೆಂಬುದನ್ನು ಒಪ್ಪಬೇಕು.

ಬೆಲೆ ತೆರುವುದು ದಿನಚರಿಯಲ್ಲಿ. ಎಲ್ಲರೂ ಒಂದೇ ಗಂಟೆಗೆ ಏಳಬೇಕು, ಸಾಲಿನಲ್ಲಿ ಸ್ನಾನ, ಸಾಲಿನಲ್ಲಿ ಊಟ. ಬಟ್ಟೆ ಒಗೆದು ಒಂದೇ ರಾಶಿಗೆ ಬಿದ್ದು ಯಾರ ಅಂಗಿ ಯಾರ ಮೈಮೇಲೋ. ಹೊರಗಿನವರಿಗೆ ಕಾಣದ ಒಂದು ತೊಂದರೆ ದಾನಿಗಳ ಊಟದ್ದು. ಹುಟ್ಟುಹಬ್ಬ, ತಿಥಿ, ಮದುವೆಯ ವಾರ್ಷಿಕೋತ್ಸವ ಅಂತ ವಾರಕ್ಕೆ ಮೂರು ದಿನ ಸಿಹಿ ಬರುತ್ತದೆ. ರಿಸ್ಪೆರಿಡೋನ್, ಒಲಾಂಜಪೈನ್‌ನಂಥ ಮನೋರೋಗದ ಮಾತ್ರೆ ತೆಗೆದುಕೊಳ್ಳುವವರ ತೂಕ ಮೊದಲೇ ಏರುತ್ತಿರುತ್ತದೆ, ಮೇಲೆ ಜಹಾಂಗೀರು, ಪಾಯಸ. ತಿಂಗಳ ತೂಕದ ಪಟ್ಟಿ ತೋರಿಸಿ ಎಂದು ಕೇಳಿ. ಪಟ್ಟಿ ಇಲ್ಲದಿದ್ದರೆ ಸಕ್ಕರೆ ಪರೀಕ್ಷೆಯೂ ಆಗುತ್ತಿರಲಾರದು.

ಇನ್ನೊಂದು ಪ್ರಶ್ನೆಯನ್ನು ಮರೆಯದೆ ಕೇಳಿ: ದಸರೆಗೆ, ಬೇಸಿಗೆಗೆ ರಜೆ ಉಂಟೇ? ಎಷ್ಟೋ ಕಡೆ ವಸತಿ ಎಂದು ಕರೆದರೂ ಅದು ಅಸಲಿಗೆ ಹಾಸ್ಟೆಲ್. ವರ್ಷದಲ್ಲಿ ಆರು ವಾರ ಎಲ್ಲರನ್ನೂ ಮನೆಗೆ ಕಳಿಸುತ್ತಾರೆ. ಕರೆದುಕೊಂಡು ಹೋಗಲು ಮನೆಯೇ ಇಲ್ಲದ ದಿನ ಆ ಜಾಗವೂ ಇಲ್ಲವೆಂದೇ ಅರ್ಥ. ಇಷ್ಟು ವಯಸ್ಸಿನವರೆಗೆ ಮಾತ್ರ ಎಂಬ ಮಿತಿ, ನಡೆಯಲಾರದೆ ಹೋದರೆ ವಾಪಸ್ ಕಳಿಸುವ ಷರತ್ತು ಇದೆಯೇ ಎಂದೂ ಬರಹದಲ್ಲಿ ನೋಡಿ.

ಚಿಕ್ಕ ಗ್ರೂಪ್ ಹೋಮ್

ಸಾಮಾನ್ಯ ಬಡಾವಣೆಯ ಸಾಮಾನ್ಯ ಮನೆ. ನಾಲ್ಕರಿಂದ ಎಂಟು ಜನ, ಅವರೊಂದಿಗೆ ಕೇರ್‌ಟೇಕರ್‌ಗಳು. ತರಕಾರಿ ಹೆಚ್ಚುವುದು, ರಂಗೋಲಿ ಹಾಕುವುದು, ಹಾಲಿನ ಪ್ಯಾಕೆಟ್ ತರುವುದು ಇಲ್ಲಿ ಅವರವರ ಕೆಲಸವಾಗುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್ ಸಮುದಾಯದ ನಡುವೆ ಬದುಕುವ ಹಕ್ಕನ್ನು ಹೇಳುತ್ತದಲ್ಲ, ಆ ಮಾತಿಗೆ ಅತಿ ಹತ್ತಿರದ ರೂಪ ಇದು. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ಘರೌಂದಾ ಯೋಜನೆ ವಯಸ್ಕರ ಗ್ರೂಪ್ ಹೋಮ್‌ಗಳಿಗೆಂದೇ ಶುರುವಾದದ್ದು. ಸ್ವಲ್ಪ ಕಾಲದ ವಾಸಕ್ಕೆ ಸಮರ್ಥ್ ಇತ್ತು; ಈಗ ಎರಡೂ ಸೇರಿ ಸಮರ್ಥ್-ಕಮ್-ಘರೌಂದಾ ಎಂಬ ಒಂದೇ ಯೋಜನೆಯಾಗಿವೆ. ನಿಮ್ಮ ಜಿಲ್ಲೆಯಲ್ಲಿ ಯಾವ ಸಂಸ್ಥೆ ಇದನ್ನು ನಡೆಸುತ್ತಿದೆ ಎಂದು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ. ಹಳ್ಳಿಯವರಾದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಂದ ಶುರು ಮಾಡಬಹುದು.

ಚಿಕ್ಕ ಮನೆಯ ದೌರ್ಬಲ್ಯ ಅದರ ಚಿಕ್ಕತನವೇ. ಬಾಡಿಗೆ ಕಟ್ಟಡವಾದರೆ ಮಾಲೀಕ ಬಿಡಿ ಎಂದಾಗ ಬಿಡಬೇಕು. ಇಬ್ಬರು ಕೇರ್‌ಟೇಕರ್‌ಗಳು ಒಟ್ಟಿಗೆ ಕೆಲಸ ಬಿಟ್ಟರೆ ಆ ವಾರ ಕಳೆಯುವುದೇ ಕಷ್ಟ. ನಡೆಸುವವರು ಒಬ್ಬರೇ ಆಗಿದ್ದು ಅವರಿಗೆ ಅರವತ್ತೈದು ದಾಟಿದ್ದರೆ ಅವರ ನಂತರ ಯಾರು ಎಂದು ನೇರವಾಗಿ ಕೇಳಿ, ಸಂಕೋಚ ಬೇಡ. ಒಳ್ಳೆಯ ಮನೆ ನಡೆಸುವವರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ, ಅವರೂ ರಾತ್ರಿ ಅದನ್ನೇ ಯೋಚಿಸುತ್ತಿರುತ್ತಾರೆ.

ಕೂಡಿ ಬಾಳುವ ಸಮುದಾಯಗಳು

ಇದರಲ್ಲಿ ಎರಡು ಜಾತಿ. ಮೊದಲನೆಯದರಲ್ಲಿ ಆರೈಕೆ ಮಾಡುವವರು ಡ್ಯೂಟಿ ಮುಗಿಸಿ ಮನೆಗೆ ಹೋಗುವುದಿಲ್ಲ, ಅದೇ ಅವರ ಮನೆ. ಫ್ರಾನ್ಸಿನಲ್ಲಿ 1964ರಲ್ಲಿ ಹುಟ್ಟಿದ ಲಾರ್ಶ್ ಈ ರೀತಿಯದು. ಅದರ ಭಾರತದ ಮೊದಲ ಮನೆ ಆಶಾ ನಿಕೇತನ 1970ರಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು. ಸ್ಕಾಟ್ಲೆಂಡಿನಲ್ಲಿ ಕಾರ್ಲ್ ಕೋನಿಗ್ ಆರಂಭಿಸಿದ ಕ್ಯಾಂಪ್‌ಹಿಲ್ ಚಳವಳಿಯದೂ ಹತ್ತಿರದ ದಾರಿ: ಒಟ್ಟಿಗೆ ಮನೆ, ಒಟ್ಟಿಗೆ ತೋಟ, ನೇಯ್ಗೆ, ಬೇಕರಿ. ಸಂಬಳದವರ ಪಾಳಿಯಲ್ಲಿ ಸಿಗದ ಆಪ್ತತೆ ಇಲ್ಲಿ ಸಿಗುತ್ತದೆ. ಆದರೆ ಹೀಗೆ ಬಂದು ಸೇರುವ ತರುಣರು ಒಂದೆರಡು ವರ್ಷಕ್ಕೆ ಮದುವೆ, ಓದು ಅಂತ ಹೊರಟುಬಿಡಬಹುದು. ಪ್ರತಿ ಸಲವೂ ಅಲ್ಲಿರುವವರಿಗೆ ಅದು ಅಗಲಿಕೆ. ಐದು ವರ್ಷ ಮೀರಿ ಉಳಿದ ಆರೈಕೆದಾರರು ಎಷ್ಟು ಜನ ಎಂದು ಕೇಳಿ. ಇನ್ನೊಂದು ಕಹಿ ಪಾಠವನ್ನೂ ಹೇಳಲೇಬೇಕು. ಲಾರ್ಶ್ ಸ್ಥಾಪಕ ಜಾನ್ ವಾನಿಯೆ ಮಹಿಳೆಯರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದರೆಂದು ಅವರ ಮರಣಾನಂತರ, 2020ರಲ್ಲಿ, ಆ ಸಂಸ್ಥೆಯೇ ತನಿಖೆ ಮಾಡಿಸಿ ಬಹಿರಂಗಪಡಿಸಿತು. ಅವರು ದೇವರಂಥವರು ಎಂಬ ಮಾತು ಯಾವ ಸಂಸ್ಥೆಯಲ್ಲೂ ರಕ್ಷಣೆಯ ನಿಯಮಕ್ಕೆ ಬದಲಿಯಲ್ಲ. ದೂರು ಯಾರಿಗೆ ಕೊಡಬೇಕು, ವಿಚಾರಿಸುವ ಸಮಿತಿಯಲ್ಲಿ ಹೊರಗಿನವರಿದ್ದಾರೆಯೇ ಎಂಬುದು ಗೋಡೆಯ ಮೇಲೆ ಬರೆದಿರಬೇಕು.

ಎರಡನೆಯದು ಹೆತ್ತವರೇ ಸೇರಿ ಕಟ್ಟಿಕೊಳ್ಳುವುದು. ಹತ್ತು ಹದಿನೈದು ಕುಟುಂಬಗಳು ಊರಾಚೆ ಜಾಗ ಕೊಂಡು, ಮೊದಲು ಮಕ್ಕಳ ಜೊತೆ ತಾವೂ ಅಲ್ಲೇ ಇದ್ದು, ತಮ್ಮ ನಂತರ ಮಕ್ಕಳು ಅದೇ ಆವರಣದ ಗ್ರೂಪ್ ಹೋಮ್‌ಗೆ ಸೇರುವ ಏರ್ಪಾಡು. ಮಗನಿಗೆ ಒಂದೇ ದಿನ ತಾಯಿಯೂ ಮನೆಯೂ ಎರಡೂ ಹೋಗುವುದಿಲ್ಲ. ಈ ಒಂದು ಕಾರಣಕ್ಕೆ, ಶಕ್ತಿಯಿರುವ ಕುಟುಂಬಗಳಿಗೆ ಇದು ಎಲ್ಲಕ್ಕಿಂತ ಮಾನವೀಯ ದಾರಿ ಎಂದು ನಾವು ನಂಬುತ್ತೇವೆ.

ಮುರಿದುಬೀಳುವ ಜಾಗಗಳೂ ಸ್ಪಷ್ಟವಾಗಿವೆ. ಸದಸ್ಯರೆಲ್ಲ ಅರವತ್ತರ ಆಸುಪಾಸಿನವರಾದರೆ ಹದಿನೈದು ವರ್ಷಕ್ಕೆ ಸಭೆ ನಡೆಸಲೂ ಯಾರಿಗೂ ಕೈಲಾಗುವುದಿಲ್ಲ. ಮೊದಲ ದಿನದಿಂದಲೇ ಸಂಬಳದ ಮ್ಯಾನೇಜರ್ ಇರಬೇಕು, ಟ್ರಸ್ಟಿಗಳಲ್ಲಿ ಮೂರನೇ ಒಂದು ಭಾಗವಾದರೂ ಒಡಹುಟ್ಟಿದವರು ಮತ್ತು ಐವತ್ತರೊಳಗಿನವರಿರಬೇಕು. ಮನೆ ತಂದೆಯ ಹೆಸರಲ್ಲಿ ಮಾತ್ರ ನೋಂದಣಿಯಾಗಿದ್ದರೆ ಅವರ ನಂತರ ವಾರಸುದಾರರು ಮಾರಬಹುದು. ಟ್ರಸ್ಟ್ ಹೆಸರಿನಲ್ಲಿಟ್ಟು ಮಗನಿಗೆ ಜೀವನಪರ್ಯಂತ ವಾಸದ ಹಕ್ಕು ಬರೆಯುವುದು ಮೇಲು. ಜಾಗ ಅಗ್ಗವೆಂದು ಇಪ್ಪತ್ತೈದು ಕಿಲೋಮೀಟರ್ ಆಚೆ ಕೊಂಡರೆ ಎದುರಾಗುವ ತೊಡಕು ಬಸ್ಸಿನದು. ಕೊನೆಯ ಬಸ್ಸು ಸಂಜೆ ಏಳಕ್ಕಾದರೆ ರಾತ್ರಿ ಪಾಳಿಗೆ ಯಾರು ಬರುತ್ತಾರೆ? ಕೊಳ್ಳುವ ಮೊದಲು ಬಸ್ಸಿನ ವೇಳಾಪಟ್ಟಿ, ಇಪ್ಪತ್ತನಾಲ್ಕು ಗಂಟೆಯ ಆಸ್ಪತ್ರೆಯ ದೂರ, ಬೋರ್‌ವೆಲ್ ನೀರು, ಈ ಮೂರನ್ನು ನೋಡಿ.

ರಾತ್ರಿ ಯಾರಿರುತ್ತಾರೆ ಎಂಬ ಲೆಕ್ಕ

ದಾರಿ ಯಾವುದೇ ಇರಲಿ, ಹೋಲಿಕೆಯ ತಿರುಳು ಇಲ್ಲಿದೆ. ವಾರಕ್ಕೆ 168 ಗಂಟೆ. ಒಬ್ಬ ಕೆಲಸಗಾರ ವಾರಕ್ಕೆ 48 ಗಂಟೆ ದುಡಿದರೆ, ಸದಾ ಒಬ್ಬರು ಎಚ್ಚರವಾಗಿ ಇರಬೇಕೆಂದರೆ ಮೂರೂವರೆ ಜನ ಬೇಕು. ಹಬ್ಬ, ಜ್ವರ, ಊರಿನ ರಜೆ ಸೇರಿಸಿದರೆ ನಾಲ್ಕು. ಆರು ಜನರ ಮನೆಗೆ ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಐದರಿಂದ ಒಂಬತ್ತು ಇಬ್ಬರಿಲ್ಲದೆ ಸ್ನಾನ, ಶೌಚ, ಊಟ ಸಾಗದು. ಉದಾಹರಣೆಗೆ ತಲಾ 18,000 ರೂಪಾಯಿಯಂತೆ ನಾಲ್ವರ ಸಂಬಳವೇ 72,000. ಆರು ಜನಕ್ಕೆ ಹಂಚಿದರೆ ತಲೆಗೆ 12,000. ಬಾಡಿಗೆ, ದಿನಸಿ, ಅಡುಗೆಯವರು, ವಾಹನ, ಔಷಧ ಇನ್ನೂ ಇದಕ್ಕೆ ಸೇರಿಲ್ಲ. ತಿಂಗಳಿಗೆ 10,000ಕ್ಕೆ ಎಲ್ಲವನ್ನೂ ಕೊಡುತ್ತೇವೆ ಅನ್ನುವವರ ಬಳಿ ಉಳಿದ ಹಣ ಎಲ್ಲಿಂದ ಬರುತ್ತದೆ ಎಂದು ಕೇಳಿ. ದಾನದಿಂದ ಬರುವುದಾದರೆ ಕಳೆದ ಮೂರು ವರ್ಷದ ಆಡಿಟ್ ಲೆಕ್ಕ ತೋರಿಸಲಿ. ದಾನವೂ ಇಲ್ಲವಾದರೆ ಒಬ್ಬನೇ ಕೇರ್‌ಟೇಕರ್ ಹಗಲು ರಾತ್ರಿ ದುಡಿದು ರಾತ್ರಿ ಸತ್ತಂತೆ ಮಲಗುತ್ತಿದ್ದಾನೆ ಎಂದೇ ತಿಳಿಯಿರಿ.

ಹಾಗೆ ದಣಿದವರ ಕೈಯಲ್ಲೇ ಪೆಟ್ಟು ಬೀಳುವುದು, ನಿದ್ದೆ ಮಾತ್ರೆ ಹೆಚ್ಚಾಗುವುದು. ಆದ್ದರಿಂದ ಕೇರ್‌ಟೇಕರ್ ಮಲಗುವ ಕೋಣೆಯನ್ನೂ ನೋಡಿ. ಬಾಗಿಲು, ಕಿಟಕಿ, ಫ್ಯಾನು, ಸ್ವಂತ ಬೀರು ಇದೆಯೇ? ವಾರದ ರಜೆ ಯಾವ ದಿನ ಎಂದು ಅವರನ್ನೇ ಕೇಳಿ. ಥಟ್ಟನೆ ದಿನ ಹೇಳಿದರೆ ಸರಿ. ನಕ್ಕು ಸುಮ್ಮನಾದರೆ ರಜೆ ಇಲ್ಲ. ಆರೈಕೆ ಮಾಡುವವರನ್ನು ಆ ಮನೆ ಹೇಗೆ ನಡೆಸಿಕೊಳ್ಳುತ್ತದೋ ನಿಮ್ಮ ಮಗಳನ್ನೂ ಹಾಗೆಯೇ ನಡೆಸಿಕೊಳ್ಳುತ್ತದೆ.

ನೋಡಲು ಹೋದಾಗ

ಮೂರು ಸಲ ಹೋಗಿ. ಒಮ್ಮೆ ಹೇಳಿ, ಒಮ್ಮೆ ಹೇಳದೆ ಬೆಳಿಗ್ಗೆ ಏಳಕ್ಕೆ, ಒಮ್ಮೆ ಭಾನುವಾರ ಸಂಜೆ. ಭಾನುವಾರ ಎಲ್ಲರೂ ಟಿವಿಯ ಮುಂದೆ ಸಾಲಾಗಿ ಕೂತಿದ್ದರೆ ಉಳಿದ ದಿನಗಳೂ ಹೆಚ್ಚು ಬೇರೆಯಿರಲಾರವು. ಬಚ್ಚಲಿಗೆ ಹೋಗಿ ಬ್ರಷ್ಷು ಎಣಿಸಿ, ಜನರಷ್ಟೇ ಇರಬೇಕು, ಹೆಸರೂ ಇರಬೇಕು. ಶೌಚಾಲಯಕ್ಕೆ ಬಾಗಿಲಿದೆಯೇ, ಹಿಡಿಕೆಯಿದೆಯೇ, ಹೊರಗಿನಿಂದ ತೆರೆಯಬಹುದಾದ ಚಿಲಕವೇ? ನಡುಹಗಲಲ್ಲಿ ಜೊಲ್ಲು ಸುರಿಸುತ್ತಾ, ಮೈ ಬಿಗಿದುಕೊಂಡು, ತೂಕಡಿಸುತ್ತಾ ಕೂತವರು ಹಲವರಿದ್ದರೆ ಮಾತ್ರೆಯಿಂದ ಸುಮ್ಮನಾಗಿಸಿರುವ ಸಾಧ್ಯತೆಯಿದೆ. ಔಷಧದ ರಿಜಿಸ್ಟರ್‌ನಲ್ಲಿ ಪ್ರತಿ ಡೋಸಿಗೂ ಹೊತ್ತು ಮತ್ತು ಸಹಿ ಇರಬೇಕು. ತಿಂಗಳ ಸಹಿಯೆಲ್ಲ ಒಂದೇ ಪೆನ್ನಿನಲ್ಲಿ ಒಂದೇ ಸಲ ಕೂತು ಹಾಕಿದಂತಿದ್ದರೆ ಗೊತ್ತಾಗಿಬಿಡುತ್ತದೆ.

ಫಿಟ್ಸ್ ಬಂದರೆ ಏನು ಮಾಡುತ್ತೀರಿ ಎಂದು ಮ್ಯಾನೇಜರನ್ನು ಬಿಟ್ಟು ರಾತ್ರಿ ಪಾಳಿಯವರನ್ನು ಕೇಳಿ. ಒಂದು ಪಕ್ಕಕ್ಕೆ ಮಲಗಿಸುತ್ತೇವೆ, ಬಾಯಿಗೆ ಏನೂ ತುರುಕುವುದಿಲ್ಲ, ಗಡಿಯಾರ ನೋಡುತ್ತೇವೆ, ಐದು ನಿಮಿಷ ದಾಟಿದರೆ ವೈದ್ಯರು ಬರೆದುಕೊಟ್ಟ ಮೂಗಿನ ಸ್ಪ್ರೇ ಕೊಟ್ಟು ಆಸ್ಪತ್ರೆಗೆ ಎಂದರೆ ತರಬೇತಿ ಆಗಿದೆ. ಕೈಗೆ ಕಬ್ಬಿಣ ಕೊಡುತ್ತೇವೆ ಎಂಬ ಉತ್ತರ ಬಂದರೆ ಆಗಿಲ್ಲ. ಡೌನ್ ಸಿಂಡ್ರೋಮ್ ಇರುವವರಿಗೆ ವರ್ಷಕ್ಕೊಮ್ಮೆ ಥೈರಾಯ್ಡ್ ಪರೀಕ್ಷೆ ಬೇಕು. ಅವರಲ್ಲಿ ಮರೆವಿನ ಕಾಯಿಲೆ ನಲವತ್ತು ಐವತ್ತರಲ್ಲೇ ಶುರುವಾಗಬಹುದು. ಅದನ್ನು ಹಟ ಎಂದು ಬೈಯುವ ಮನೆ ಬೇಡ. ಮಾತು ಬಾರದವರು ಏಕಾಏಕಿ ತಲೆ ಚಚ್ಚಿಕೊಳ್ಳಲು ಶುರುಮಾಡಿದರೆ ಮೊದಲು ಹಲ್ಲು, ಕಿವಿ, ಮಲಬದ್ಧತೆ ನೋಡಬೇಕು, ಮನೋರೋಗದ ಮಾತ್ರೆ ಆಮೇಲೆ.

ಹೆಣ್ಣುಮಕ್ಕಳಿಗೆ ಸ್ನಾನ, ಪ್ಯಾಡ್ ಬದಲಾವಣೆ ಮಹಿಳೆಯರೇ ಮಾಡಿಸಬೇಕು, ರಾತ್ರಿಯೂ ಮಹಿಳೆಯೇ ಇರಬೇಕು. ಗರ್ಭಕೋಶ ತೆಗೆಸಿದ್ದರೆ ಮಾತ್ರ ಸೇರಿಸಿಕೊಳ್ಳುತ್ತೇವೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. 1994ರಲ್ಲಿ ಮಹಾರಾಷ್ಟ್ರದ ಶಿರೂರಿನ ಸರ್ಕಾರಿ ವಸತಿಗೃಹದ ಹೆಣ್ಣುಮಕ್ಕಳಿಗೆ ಹೀಗೆ ಶಸ್ತ್ರಚಿಕಿತ್ಸೆ ಮಾಡಿಸಿದ್ದು ದೇಶವನ್ನೇ ಕಲಕಿತ್ತು. ಒಪ್ಪಿಗೆಯಿಲ್ಲದೆ ಬಂಜೆತನ ತರುವ ಚಿಕಿತ್ಸೆಯನ್ನು 2016ರ ಕಾಯ್ದೆಯ 10ನೇ ಸೆಕ್ಷನ್ ನಿಷೇಧಿಸಿದೆ. ಅದೇ ಕಾಯ್ದೆಯಡಿ ಸಂಸ್ಥೆಯ ನೋಂದಣಿ ಪತ್ರ ಇರಬೇಕು. ಪ್ರತಿ ಕೇಳಿ, ಅವಧಿ ಮುಗಿದಿದೆಯೇ ನೋಡಿ.

ಕಾಗದ ಮತ್ತು ಹಣ

ಹದಿನೆಂಟು ತುಂಬಿದ ಮೇಲೆ ತಂದೆತಾಯಿ ತಾವಾಗಿಯೇ ಕಾನೂನಿನ ಪೋಷಕರಾಗಿ ಉಳಿಯುವುದಿಲ್ಲ. ಬ್ಯಾಂಕಿನಲ್ಲಿ, ಆಸ್ತಿ ನೋಂದಣಿಯಲ್ಲಿ ಸಿಕ್ಕಿಹಾಕಿಕೊಂಡಾಗಲೇ ಇದು ಎಷ್ಟೋ ಜನಕ್ಕೆ ತಿಳಿಯುವುದು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಪೋಷಕತ್ವ ಪಡೆಯಬೇಕು. ಬೌದ್ಧಿಕ ವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವೈಕಲ್ಯ ಇದರ ವ್ಯಾಪ್ತಿಗೆ ಬರುತ್ತವೆ. ನೇಮಕವಾದ ಆರು ತಿಂಗಳೊಳಗೆ ಆ ವ್ಯಕ್ತಿಯ ಆಸ್ತಿಯ ಪಟ್ಟಿ, ಆಮೇಲೆ ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಸಲ್ಲಿಸಬೇಕು. ನಿಮ್ಮ ನಂತರ ಪೋಷಕರಾಗಬೇಕಾದವರನ್ನು ಈಗಲೇ ಒಪ್ಪಿಸಿಟ್ಟುಕೊಳ್ಳಿ. ಮನೆ ನಡೆಸುವ ಸಂಸ್ಥೆಯೇ ಪೋಷಕನಾಗಲು ಕಾನೂನಿನಲ್ಲಿ ಅವಕಾಶ ಉಂಟು, ಆದರೆ ಬೇರೆ ಯಾರೂ ಇಲ್ಲದಿದ್ದರೆ ಮಾತ್ರ ಅದಕ್ಕೆ ಒಪ್ಪಿ. ಫೀಸು ತೆಗೆದುಕೊಳ್ಳುವವರೂ ಫೀಸು ಸರಿಯೇ ಎಂದು ಕೇಳಬೇಕಾದವರೂ ಒಬ್ಬರೇ ಆಗಬಾರದು.

ಹಣದ ಅಂದಾಜಿಗೆ ಸುಲಭ ಸೂತ್ರ: ಬಡ್ಡಿಯೂ ಬೆಲೆಯೇರಿಕೆಯೂ ಹೆಚ್ಚುಕಡಿಮೆ ಸಮವಾಗಿದ್ದರೆ, ಇಂದಿನ ವರ್ಷದ ಖರ್ಚನ್ನು ಉಳಿದ ವರ್ಷಗಳಿಂದ ಗುಣಿಸಿ. ತಿಂಗಳಿಗೆ 30,000 ಅಂದರೆ ವರ್ಷಕ್ಕೆ 3.6 ಲಕ್ಷ, 35 ವರ್ಷಕ್ಕೆ 1.26 ಕೋಟಿ. ಇಷ್ಟು ಇಲ್ಲದವರೇ ಹೆಚ್ಚು. ಅವರು ದಾನದ ಬಲವಿರುವ ಸಂಸ್ಥೆ ಅಥವಾ ಸರ್ಕಾರದ ಅನುದಾನದ ಮನೆಯನ್ನು ಆರಿಸಿಕೊಂಡು, ಒಡಹುಟ್ಟಿದವರ ಭೇಟಿಯನ್ನು ಗಟ್ಟಿ ಮಾಡಿಕೊಳ್ಳುವುದು ಪ್ರಾಮಾಣಿಕವಾದ ಆಯ್ಕೆ, ಅದರಲ್ಲಿ ತಪ್ಪಿತಸ್ಥ ಭಾವ ಬೇಡ. ಕೇಂದ್ರ ಸರ್ಕಾರಿ ನೌಕರಿಯಲ್ಲಿದ್ದು ನಿವೃತ್ತರಾದವರು, ದುಡಿದು ಬದುಕಲಾರದ ವಿಕಲಚೇತನ ಮಗ ಅಥವಾ ಮಗಳಿಗೆ ಜೀವನಪರ್ಯಂತ ಕುಟುಂಬ ಪಿಂಚಣಿ ಸಿಗುವಂತೆ ಬದುಕಿದ್ದಾಗಲೇ ಕಡತದಲ್ಲಿ ಹೆಸರು ಸೇರಿಸಿಡಬೇಕು. ರಾಷ್ಟ್ರೀಯ ನ್ಯಾಸದ ನಿರಾಮಯ ಆರೋಗ್ಯ ವಿಮೆ ಕೆಲವು ನೂರು ರೂಪಾಯಿಗೆ ವರ್ಷಕ್ಕೆ ಒಂದು ಲಕ್ಷದವರೆಗೆ ರಕ್ಷಣೆ ಕೊಡುತ್ತದೆ, ನವೀಕರಣ ಮರೆಯುವುದೇ ಅದರ ದೊಡ್ಡ ತೊಂದರೆ.

ಲಕ್ಷಗಟ್ಟಲೆ ಡೆಪಾಸಿಟ್ ಕೇಳುವ ಕಡೆ ಬರಹದಲ್ಲಿ ಇವಿಷ್ಟು ಇರಲಿ: ಬಿಟ್ಟು ಬಂದರೆ ಎಷ್ಟು ವಾಪಸ್, ಎಷ್ಟು ದಿನದಲ್ಲಿ, ಸಂಸ್ಥೆ ಮುಚ್ಚಿದರೆ ಏನು, ವರ್ಷಕ್ಕೆ ಫೀಸು ಶೇಕಡಾ ಎಷ್ಟರವರೆಗೆ ಏರಬಹುದು, ಆಸ್ಪತ್ರೆ ಖರ್ಚು ಯಾರದು, ಯಾವ ಕಾರಣಕ್ಕೆ ಹೊರಗೆ ಕಳಿಸಬಹುದು.

ಬಿಟ್ಟು ಬರುವುದು

ಒಂದೇ ಸಲಕ್ಕೆ ಬೇಡ. ಮೊದಲು ಹಗಲು ಮಾತ್ರ ನಾಲ್ಕು ದಿನ, ಆಮೇಲೆ ಎರಡು ರಾತ್ರಿ, ಒಂದು ವಾರ, ಒಂದು ತಿಂಗಳು, ಪ್ರತಿ ಸಲವೂ ನಡುವೆ ಮನೆ. ಹೊಂದಿಕೊಳ್ಳಲಿ ಅಂತ ಮೂರು ತಿಂಗಳು ಬರಬೇಡಿ ಅನ್ನುವ ನಿಯಮವನ್ನು ಒಪ್ಪಬೇಡಿ. ಜೊತೆಗೆ ಹತ್ತು ಪುಟದ ನೋಟ್‌ಬುಕ್ ಕೊಡಿ: ಊಟಕ್ಕೆ ಅನ್ನ ಎಷ್ಟು ಮೆತ್ತಗಿರಬೇಕು, ಗಂಟಲಲ್ಲಿ ಯಾವುದು ಸಿಕ್ಕಿಕೊಳ್ಳುತ್ತದೆ, ನೋವಾದರೆ ಏನು ಮಾಡುತ್ತಾನೆ, ಶೌಚದ ಸನ್ನೆ ಯಾವುದು, ಯಾವ ಸದ್ದಿಗೆ ಹೆದರುತ್ತಾನೆ, ಮಲಗುವ ಮುಂಚೆ ಯಾವ ಹಾಡು. ಮನೆಯಲ್ಲಿ ಕರೆಯುವ ಹೆಸರನ್ನು ಮೊದಲ ಪುಟದಲ್ಲೇ ಬರೆಯಿರಿ. ವಾಪಸ್ ಕರೆತಂದಾಗ ತೂಕ, ನಿದ್ದೆ, ಮೈಮೇಲಿನ ಗುರುತು ನೋಡಿ. ಮತ್ತೆ ಹೊರಡುವ ದಿನ ಚೀಲ ಕಂಡು ಅವನು ಚಪ್ಪಲಿ ಹಾಕಿಕೊಳ್ಳುತ್ತಾನೋ ಮಂಚದ ಕೆಳಗೆ ಸೇರುತ್ತಾನೋ ಅದನ್ನೂ ನೋಡಿ, ಅದೂ ಅವನ ಮಾತೇ.